ಉದ್ದಕ್ಕಿಟ್ಟರೆ ಚಂದ್ರ, ಗುಡ್ಡೆ ಹಾಕಿದರೆ ಹತ್ತು ಮಹಡಿ

ಜೇಬಿನಲ್ಲಿ ಒಂದು ರೂಪಾಯಿಯ ನಾಣ್ಯವಿದ್ದರೆ ತೆಗೆದು ಮೇಜಿನ ಮೇಲಿಡಿ. 2011ರಲ್ಲಿ ಬಂದ ಸ್ಟೀಲಿನ ನಾಣ್ಯವಾದರೆ ಅದರ ಅಡ್ಡಳತೆ 21.93 ಮಿಲಿಮೀಟರ್, ದಪ್ಪ 1.45 ಮಿಲಿಮೀಟರ್, ತೂಕ 3.79 ಗ್ರಾಂ. ಇವತ್ತಿನ ದಿನ ಮುಯ್ಯಿಯ ಕವರಿಗೆ ಅಂಟಿಸಿ ಐನೂರನ್ನು ಐನೂರ ಒಂದು ಮಾಡುವುದಕ್ಕೆ ಬಿಟ್ಟರೆ ಈ ಬಿಲ್ಲೆಗೆ ಅಂಥ ದೊಡ್ಡ ಉದ್ಯೋಗವೇನೂ ಉಳಿದಿಲ್ಲ. ಆದರೆ ರಿಸರ್ವ್ ಬ್ಯಾಂಕಿನ ಲೆಕ್ಕದಲ್ಲಿ ದೇಶದ ಚಲಾವಣೆಯಲ್ಲಿರುವ ನಾಣ್ಯಗಳು ಎಲ್ಲ ಸೇರಿ 12,000 ಕೋಟಿಗೂ ಹೆಚ್ಚು. ಅದರಲ್ಲಿ ಒಂದು ರೂಪಾಯಿಯವೇ 5,000 ಕೋಟಿಯನ್ನು ದಾಟುತ್ತವೆ.

ಐದು ಸಾವಿರ ಕೋಟಿ ಎಂದರೆ ಎಷ್ಟು? ಇಂಥ ಕಡೆ ನನ್ನಂಥ ಬರಹಗಾರರು ಮಾಡುವ ಕೆಲಸ ಒಂದೇ: ಸಾಲಾಗಿ ಜೋಡಿಸುವುದು. ಮಾಡಿಯೇ ಬಿಡೋಣ. ಹಳೆಯ ನಾಣ್ಯಗಳು ಗಾತ್ರದಲ್ಲಿ ಇನ್ನೂ ದೊಡ್ಡವು, ಲೆಕ್ಕ ಸುಲಭವಾಗಲೆಂದು ಎಲ್ಲವೂ ಹೊಸದರ ಅಳತೆಯವೇ ಎಂದಿಟ್ಟುಕೊಳ್ಳೋಣ. ಅಂಚಿಗೆ ಅಂಚು ತಾಗಿಸಿ ಇಡುತ್ತ ಹೋದರೆ ಸಾಲಿನ ಉದ್ದ ಸುಮಾರು 11 ಲಕ್ಷ ಕಿಲೋಮೀಟರ್. ಚಂದ್ರ ಇರುವುದು 3,84,400 ಕಿಲೋಮೀಟರ್ ದೂರದಲ್ಲಿ. ನಮ್ಮ ಸಾಲು ಚಂದ್ರನನ್ನು ಮುಟ್ಟಿ, ಭೂಮಿಗೆ ಮರಳಿ, ಮತ್ತೆ ಚಂದ್ರನತ್ತ ಹೊರಟು ಮುಕ್ಕಾಲು ದಾರಿಗಿಂತ ಮುಂದೆ ಹೋಗಿ ನಿಲ್ಲುತ್ತದೆ. ಪಕ್ಕಪಕ್ಕ ಇಡದೆ ಒಂದರ ಮೇಲೊಂದು ಪೇರಿಸಿದರೆ 72,500 ಕಿಲೋಮೀಟರ್ ಎತ್ತರದ ಕಂಬ. ಅದನ್ನು ಮಲಗಿಸಿದರೆ ಭೂಮಿಯ ನಡುವಿಗೆ ಹೆಚ್ಚುಕಡಿಮೆ ಎರಡು ಸುತ್ತಿನ ಉಡಿದಾರ.

ಓದುಗರು ಹೌಹಾರಬೇಕಾದ ಜಾಗ ಇದು. ಈಗ ಅದೇ ನಾಣ್ಯಗಳನ್ನು, ಒಂದನ್ನೂ ಕಳೆಯದೆ, ಬಯಲಿನಲ್ಲಿ ಹಾಸಿಗೆಯಂತೆ ಹರಡಿ ನೋಡಿ. ಒತ್ತೊತ್ತಾಗಿ ಜೋಡಿಸಿದರೆ ಒಂದು ನಾಣ್ಯಕ್ಕೆ ಬೇಕಾಗುವ ಜಾಗ 416 ಚದರ ಮಿಲಿಮೀಟರ್. ಒಟ್ಟು 21 ಚದರ ಕಿಲೋಮೀಟರಿಗೆ ಸ್ವಲ್ಪ ಕಮ್ಮಿ. ಅಂದರೆ ನಾಲ್ಕೂವರೆ ಕಿಲೋಮೀಟರ್ ಉದ್ದ, ಅಷ್ಟೇ ಅಗಲ. ಚಂದ್ರನವರೆಗೆ ಹೋಗಿ ಬಂದ ಸರಕು ನಾಲ್ಕಾರು ಹಳ್ಳಿಗಳ ಹೊಲಗದ್ದೆಗೆ ಸಾಕಾಗಿ ನಿಂತುಬಿಟ್ಟಿತು. ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್. ರಾಜ್ಯದ ನೆಲವನ್ನೆಲ್ಲ ರೂಪಾಯಿ ಬಿಲ್ಲೆಗಳಿಂದ ಮುಚ್ಚಲು ಇಂಥ 9,200 ಹಾಸುಗಳು ಬೇಕು. ಖರ್ಚು 460 ಲಕ್ಷ ಕೋಟಿ ರೂಪಾಯಿ, ಇಡೀ ಭಾರತದ ಒಂದು ವರ್ಷದ ಒಟ್ಟು ಉತ್ಪನ್ನಕ್ಕಿಂತ ಜಾಸ್ತಿ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಾಸಿದ್ದನ್ನು ಎತ್ತಿ ಪದರದ ಮೇಲೆ ಪದರವಾಗಿ ಪೇರಿಸಿ ಘನಾಕಾರ ಮಾಡಿ. ಉದ್ದ, ಅಗಲ, ಎತ್ತರ ಮೂರೂ ಸಮ. ಎಷ್ಟು ಬರಬಹುದೆಂದು ಕಾಗದ ಮುಟ್ಟದೆ ಊಹಿಸಿ. ಬರುವುದು 31 ಮೀಟರ್. ಹತ್ತು ಮಹಡಿಯ ಒಂದು ಅಪಾರ್ಟ್‌ಮೆಂಟಿನಷ್ಟು. 140 ಕೋಟಿ ಜನ ಕೈಯಿಂದ ಕೈಗೆ ದಾಟಿಸುವ, ಹುಂಡಿಗೆ ಹಾಕುವ, ಬಸ್ಸಿನ ಸೀಟಿನಡಿ ಬೀಳಿಸಿಕೊಳ್ಳುವ ಒಂದು ರೂಪಾಯಿಗಳೆಲ್ಲ ಒಂದು ಸಾಧಾರಣ ಬಡಾವಣೆಯ ಕಾಲು ಎಕರೆ ಸೈಟಿನಲ್ಲಿ ಕೂರುತ್ತವೆ. ಅಡಿಪಾಯ ಮಾತ್ರ ಗಟ್ಟಿ ಇರಬೇಕು. ಆ ಗುಡ್ಡೆಯ ತೂಕ 1.9 ಲಕ್ಷ ಟನ್. ಕೋಲ್ಕತ್ತದ ಹೌರಾ ಸೇತುವೆಗೆ ಬಳಸಿದ ಉಕ್ಕು 26,500 ಟನ್, ನಮ್ಮ ಗುಡ್ಡೆ ಅಂಥ ಏಳು ಸೇತುವೆಗೆ ಸಮ.

ಸಂಖ್ಯೆ ಮೊದಲಿನಿಂದ ಕೊನೆಯವರೆಗೆ ಅದೇ 5,000 ಕೋಟಿ. ಬದಲಾದದ್ದು ಆಕಾರ. ಗೆರೆಯಾದಾಗ ಚಂದ್ರ, ಹಾಸಾದಾಗ ನಾಲ್ಕು ಹಳ್ಳಿ, ಗುಡ್ಡೆಯಾದಾಗ ಹತ್ತು ಮಹಡಿ. ಅಂಕಿಗಳ ಅಚ್ಚರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅಂಕಿಯದ್ದಲ್ಲ, ಅದನ್ನು ಜೋಡಿಸಿದವನದ್ದು. ಪತ್ರಿಕೆಗಳು ಏನನ್ನೇ ಎಣಿಸಲಿ, ಮಾರಾಟವಾದ ಬಿಸ್ಕತ್ತಾಗಲಿ ಮಾತ್ರೆಯಾಗಲಿ, ಯಾವಾಗಲೂ ಉದ್ದಕ್ಕೇ ಇಡುತ್ತವೆ, ಯಾವತ್ತೂ ಗುಡ್ಡೆ ಹಾಕುವುದಿಲ್ಲ. ಕಾರಣ ಈಗ ಗೊತ್ತಾಯಿತಲ್ಲ.

ಹಾಸಿನ ಲೆಕ್ಕದಲ್ಲಿ ‘ಒತ್ತೊತ್ತಾಗಿ’ ಎಂದೆ. ಅದನ್ನು ಹಗುರವಾಗಿ ಬಿಡುವಂತಿಲ್ಲ. ಒಂದು ನಾಣ್ಯವನ್ನು ನಡುವೆ ಇಟ್ಟು ಅದರ ಸುತ್ತ ಅಂಥದೇ ನಾಣ್ಯಗಳನ್ನು ತಾಗಿಸಿ ಇಡಿ. ಆರು ಹಿಡಿಯುತ್ತವೆ. ಏಳನೆಯದಕ್ಕೆ ಜಾಗವಿಲ್ಲ, ಆರರ ನಡುವೆ ಸಂದೂ ಇಲ್ಲ. ಒಂದು ರೂಪಾಯಿಯದಾದರೂ ಸರಿ, ಹಳೆಯ ನಾಲ್ಕಾಣೆಯದಾದರೂ ಸರಿ, ಲಾರಿ ಚಕ್ರವಾದರೂ ಸರಿ, ಉತ್ತರ ಆರೇ. ಜೇನುಗೂಡಿನ ಈ ಜೋಡಣೆಯಲ್ಲಿ ನೆಲದ ನೂರಕ್ಕೆ 90.69 ಭಾಗ ಮುಚ್ಚಿಹೋಗುತ್ತದೆ. ಇದಕ್ಕಿಂತ ಒತ್ತಾಗಿ ಯಾರಿಂದಲೂ ಜೋಡಿಸಲಾಗದು ಎಂಬುದು ನೋಡಿದೊಡನೆ ಒಪ್ಪುವಂಥ ಮಾತು. ಸಾಧಿಸಿ ತೋರಿಸುವುದು ಅಷ್ಟು ಸಲೀಸಾಗಿರಲಿಲ್ಲ. ನಾರ್ವೆಯ ಆಕ್ಸೆಲ್ ಥೂ 1890ರ ದಶಕದಿಂದ ಇದರ ಹಿಂದೆ ಬಿದ್ದಿದ್ದ. ಯಾರೂ ಕೊಂಕು ತೆಗೆಯಲಾಗದ ಸಾಧನೆಯನ್ನು 1940ರಲ್ಲಿ ಕೊಟ್ಟದ್ದು ಹಂಗೇರಿಯ ಲಾಸ್ಲೊ ಫೆಯೆಶ್ ಟೋತ್.

ಚೌಕಾಬಾರದ ಮನೆಗಳ ಹಾಗೆ ನೆಟ್ಟಗೆ ಸಾಲು ಮಾಡಿ ಇಟ್ಟಿದ್ದರೆ? ಆಗ ಮುಚ್ಚುವುದು ಬರೀ 78.5 ಭಾಗ. ಅವೇ 5,000 ಕೋಟಿ ನಾಣ್ಯಗಳಿಗೆ 21ರ ಬದಲು 24 ಚದರ ಕಿಲೋಮೀಟರ್ ಬೇಕಾಗುತ್ತಿತ್ತು. ಹೆಚ್ಚಾದದ್ದು ನಾಣ್ಯವಲ್ಲ, ನಾಣ್ಯಗಳ ನಡುವಿನ ಖಾಲಿ ಜಾಗ. ಹಾಗೆ ಹೆಚ್ಚಾದ ಖಾಲಿ ಜಾಗವನ್ನೆಲ್ಲ ಒಟ್ಟು ಮಾಡಿದರೆ ಬೆಂಗಳೂರಿನ 240 ಎಕರೆಯ ಲಾಲ್‌ಬಾಗ್ ಮೂರು ಸಲ ಹಿಡಿದು ಮಿಕ್ಕುತ್ತದೆ.

ಹಾಗಾದರೆ ನಾಣ್ಯ ದುಂಡಗೇ ಏಕಿರಬೇಕು ಎಂಬ ಪ್ರಶ್ನೆ ಬರುತ್ತದೆ. ಇರಲೇಬೇಕೆಂದೇನೂ ಇಲ್ಲ, ನಮ್ಮಲ್ಲಿ ಇರಲೂ ಇಲ್ಲ. ಎಂಬತ್ತರ ದಶಕದಲ್ಲಿ ಗೂಡಂಗಡಿಗೆ ಹೋದ ಮಕ್ಕಳ ಅಂಗೈಯಲ್ಲಿ ರೇಖಾಗಣಿತದ ಒಂದು ಪಾಠವೇ ಇರುತ್ತಿತ್ತು: ಐದು ಪೈಸೆ ಚೌಕ, ಹತ್ತು ಪೈಸೆ ಹೂವಿನ ದಳದಂಥ ಅಂಚಿನದು, ಇಪ್ಪತ್ತು ಪೈಸೆ ಷಟ್ಕೋನ, ನಾಲ್ಕಾಣೆ ಎಂಟಾಣೆ ದುಂಡಗೆ. ಕತ್ತಲಲ್ಲಿ ಬೆರಳಾಡಿಸಿದರೂ ಯಾವುದೆಂದು ತಿಳಿಯುತ್ತಿತ್ತು. 1992ರಲ್ಲಿ ಬಂದ ಎರಡು ರೂಪಾಯಿಗೆ ಹನ್ನೊಂದು ಬದಿ. 2020ರಲ್ಲಿ ಬಂದ ಇಪ್ಪತ್ತು ರೂಪಾಯಿಗೆ ಹನ್ನೆರಡು. ಈ ನಡುವೆ ಸಣ್ಣ ಪೈಸೆಗಳು ಹೋದವು. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನವು 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ. ಬಂದ ಒಂದು, ಎರಡು ರೂಪಾಯಿಗಳು ಎರಡೂ ಒಂದೇ ದುಂಡು, ಒಂದೇ ಬಿಳಿ. ಕಂಡಕ್ಟರ್ ಕೊಟ್ಟ ಚಿಲ್ಲರೆಯನ್ನು ಬೆಳಕಿಗೆ ಹಿಡಿದು ನೋಡುವ ಕಷ್ಟ ಯಾರಿಗೆ ಗೊತ್ತಿಲ್ಲ? ಇದನ್ನು ಪ್ರಗತಿ ಎಂದು ಒಪ್ಪಲು ನನಗಂತೂ ಆಗಿಲ್ಲ.

ದುಂಡು ಆಕಾರಕ್ಕೊಂದು ಗುಣವುಂಟು. ಯಾವ ಕಡೆಯಿಂದ ಅಳೆದರೂ ಅಗಲ ಒಂದೇ. ನಾಣ್ಯ ನುಂಗುವ ಯಂತ್ರಗಳಿಗೆ ಇದು ಬಹಳ ಮುಖ್ಯ. ಹನ್ನೆರಡು ಬದಿಯ ಬಿಲ್ಲೆಗೆ ಈ ಗುಣವಿಲ್ಲ, ಮೂಲೆಯಿಂದ ಮೂಲೆಗೆ 27 ಮಿಲಿಮೀಟರ್ ಇದ್ದರೆ ಬದಿಯಿಂದ ಬದಿಗೆ 26.08 ಅಷ್ಟೇ. ವೃತ್ತಕ್ಕೆ ಮಾತ್ರ ಈ ಗುಣ ಇರುವುದು ಎಂದು ನೀವು ಹೇಳುವುದಾದರೆ ಬ್ರಿಟನ್ನಿನ 50 ಪೆನ್ಸ್ ನಾಣ್ಯವನ್ನು ನೋಡಬೇಕು. 1969ರಲ್ಲಿ ಬಂದ ಅದಕ್ಕೆ ಏಳು ಬದಿ. ಪ್ರತಿ ಬದಿಯೂ ತುಸು ಉಬ್ಬಿದೆ, ಎದುರಿನ ಮೂಲೆಯಲ್ಲಿ ಕೈವಾರದ ಮುಳ್ಳೂರಿ ಎಳೆದ ಕಮಾನು ಅದು. ಹೇಗೆ ತಿರುಗಿಸಿ ಅಳೆದರೂ ಅಗಲ ಒಂದೇ. ಕೆನಡಾ 1987ರಲ್ಲಿ ತಂದ ಹನ್ನೊಂದು ಬದಿಯ ಡಾಲರ್ ನಾಣ್ಯವೂ ಇದೇ ಜಾತಿ. ಬದಿಗಳು ಎಲ್ಲ ಸಮವಾಗಿರಬೇಕೆಂದರೆ ಅವುಗಳ ಎಣಿಕೆ ಬೆಸವಾಗಿಯೇ ಇರಬೇಕು, ಪ್ರತಿ ಬದಿಗೂ ಎದುರಿಗೊಂದು ಮೂಲೆ ಸಿಗಬೇಕಲ್ಲ.

ಇಂಥ ಆಕಾರಗಳಿಗೆಲ್ಲ ಒಂದು ಸೋಜಿಗದ ನಿಯಮವಿದೆ. ಅಗಲ ಒಂದೇ ಆದರೆ ಸುತ್ತಳತೆಯೂ ಒಂದೇ, ಬದಿ ಮೂರಿರಲಿ ಏಳಿರಲಿ, ವೃತ್ತವೇ ಇರಲಿ. 1860ರಲ್ಲಿ ಫ್ರಾನ್ಸಿನ ಬಾರ್ಬಿಯೆ ಇದನ್ನು ಸಾಧಿಸಿದ. ಒಳಗಿನ ವಿಸ್ತೀರ್ಣ ಮಾತ್ರ ಬೇರೆಬೇರೆ. ವೃತ್ತಕ್ಕೆ ಎಲ್ಲಕ್ಕಿಂತ ಹೆಚ್ಚು, ಉಬ್ಬು ಬದಿಯ ತ್ರಿಕೋನಕ್ಕೆ ಎಲ್ಲಕ್ಕಿಂತ ಕಡಿಮೆ, ವೃತ್ತಕ್ಕಿಂತ ನೂರಕ್ಕೆ ಹತ್ತರಷ್ಟು ಕಡಿಮೆ. ನಮ್ಮ ರೂಪಾಯಿಯನ್ನು ಅಷ್ಟೇ ಅಗಲದ ಅಂಥ ತ್ರಿಕೋನವಾಗಿ ಟಂಕಿಸಿದ್ದರೆ 5,000 ಕೋಟಿ ನಾಣ್ಯಗಳಲ್ಲಿ 19,000 ಟನ್ನಿಗೂ ಹೆಚ್ಚು ಉಕ್ಕು ಉಳಿಯುತ್ತಿತ್ತು. ಜೇಬಿಗೆ ತೂತು ಬೀಳುತ್ತಿತ್ತೇನೋ.

ದುಂಡು ನಾಣ್ಯವನ್ನು ಬಿಡುವ ಮೊದಲು ಇನ್ನೊಂದು ಪ್ರಶ್ನೆ. ಒಂದು ರೂಪಾಯಿಯನ್ನು ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದನ್ನು ಅದರ ಅಂಚಿನಗುಂಟ ಜಾರದಂತೆ ಉರುಳಿಸಿ ಒಂದು ಸುತ್ತು ತನ್ನಿ. ಉರುಳುವ ನಾಣ್ಯ ತನ್ನ ಮೇಲೆ ತಾನು ಎಷ್ಟು ಸಲ ತಿರುಗಿತು? ಎರಡರ ಸುತ್ತಳತೆಯೂ ಒಂದೇ, ಹಾಗಾಗಿ ಒಂದು ಸಲ ಎಂದು ಬಾಯಿ ಹೇಳುತ್ತದೆ. ಅಂಕಿಯ ತಲೆಗೆ ಗುರುತು ಹಾಕಿಕೊಂಡು ಉರುಳಿಸಿದರೆ ಎರಡು ಸಲ! ಅರ್ಧ ದಾರಿಗೆ ಹೋಗುವಷ್ಟರಲ್ಲೇ ಅಂಕಿ ಒಮ್ಮೆ ಪೂರ್ತಿ ತಿರುಗಿ ನೆಟ್ಟಗೆ ನಿಂತಿರುತ್ತದೆ. ಅಂಚು ಅಂಚಿನ ಮೇಲೆ ಉರುಳುವುದರಿಂದ ಒಂದು ಸುತ್ತು, ಪ್ರದಕ್ಷಿಣೆ ಹಾಕಿದ್ದಕ್ಕೆ ಇನ್ನೊಂದು.

1982ರಲ್ಲಿ ಅಮೆರಿಕದ ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆಯಲ್ಲಿ ಇದೇ ಬಗೆಯ ಪ್ರಶ್ನೆ ಇತ್ತು. ದೊಡ್ಡ ವೃತ್ತದ ತ್ರಿಜ್ಯ ಚಿಕ್ಕದರ ಮೂರು ಪಟ್ಟು, ಚಿಕ್ಕದು ಸುತ್ತಿ ಬರಲು ಎಷ್ಟು ಬಾರಿ ತಿರುಗುತ್ತದೆ? ಕೊಟ್ಟ ಐದು ಉತ್ತರಗಳಲ್ಲಿ ಸರಿಯಾದದ್ದೇ ಇರಲಿಲ್ಲ. ಪ್ರಶ್ನೆ ಮಾಡಿದವರು ಮೂರು ಎಂದುಕೊಂಡಿದ್ದರು, ಉತ್ತರ ನಾಲ್ಕು. ಬರೆದ ಸುಮಾರು 3 ಲಕ್ಷ ವಿದ್ಯಾರ್ಥಿಗಳಲ್ಲಿ ತಪ್ಪು ಇದೆ ಎಂದು ಪತ್ರ ಬರೆದವರು ಮೂವರು. ಎಲ್ಲರ ಅಂಕಗಳನ್ನೂ ಮತ್ತೆ ಲೆಕ್ಕ ಹಾಕಬೇಕಾಯಿತು.

ನಗಬೇಡಿ, ನಾವೆಲ್ಲ ಕೂತಿರುವ ಬಿಲ್ಲೆಯೂ ಇದೇ ಆಟ ಆಡುತ್ತಿದೆ. ವರ್ಷಕ್ಕೆ 365 ಹಗಲು ಎಂದು ಒಂದನೇ ತರಗತಿಯಿಂದ ಹೇಳಿಕೊಂಡು ಬಂದಿದ್ದೇವೆ. ಆದರೆ ನಕ್ಷತ್ರಗಳ ಕಡೆಯಿಂದ ನೋಡಿದರೆ ಭೂಮಿ ವರ್ಷದಲ್ಲಿ ತನ್ನ ಸುತ್ತ ತಿರುಗುವುದು 366 ಸಲಕ್ಕಿಂತ ತುಸು ಹೆಚ್ಚು. ಸೂರ್ಯನಿಗೆ ಪ್ರದಕ್ಷಿಣೆ ಹಾಕಿದ್ದಕ್ಕೆ ಸಿಕ್ಕ ಆ ಒಂದು ಸುತ್ತು ಹಗಲುಗಳ ಎಣಿಕೆಯಲ್ಲಿ ಕಾಣುವುದೇ ಇಲ್ಲ.

ಇನ್ನು ಬೆಲೆಯ ಮಾತು. ಕೋಟಿ ರೂಪಾಯಿಯನ್ನು ಐನೂರರ ನೋಟುಗಳಲ್ಲಿ ಕೊಟ್ಟರೆ 20,000 ನೋಟು, ಇಪ್ಪತ್ತು ಕಿಲೋ ಚಿಲ್ಲರೆ ತೂಕ, ಒಬ್ಬನೇ ಸೂಟ್‌ಕೇಸಿನಲ್ಲಿ ಎತ್ತಿಕೊಂಡು ಹೋಗಬಹುದು. ಒಂದು ರೂಪಾಯಿ ನಾಣ್ಯಗಳಲ್ಲಿ ಕೊಟ್ಟರೆ 37.9 ಟನ್. ಹತ್ತು ಟನ್ನಿನ ನಾಲ್ಕು ಲಾರಿ ಬೇಕು. 2023ರ ವಿಧಾನಸಭಾ ಚುನಾವಣೆಯಲ್ಲಿ ಯಾದಗಿರಿಯ ಅಭ್ಯರ್ಥಿಯೊಬ್ಬರು 10,000 ರೂಪಾಯಿ ಠೇವಣಿಯನ್ನು ಒಂದು ರೂಪಾಯಿ ನಾಣ್ಯಗಳಲ್ಲೇ ತಂದು ಸುರಿದರು. ಎಲ್ಲ ಹೊಸ ನಾಣ್ಯಗಳೇ ಆಗಿದ್ದರೂ ಅದು 38 ಕಿಲೋ. ಅಧಿಕಾರಿಗಳು ಕೂತು ಎಣಿಸಿದರು. 2011ರ ನಾಣ್ಯ ಕಾಯ್ದೆಯ ಪ್ರಕಾರ ರೂಪಾಯಿ ನಾಣ್ಯಗಳು ಒಂದು ಸಾವಿರದವರೆಗಿನ ಪಾವತಿಗೆ ಮಾತ್ರ ಕಾನೂನುಬದ್ಧ, ಎಂಟಾಣೆ ಹತ್ತು ರೂಪಾಯಿಯವರೆಗೆ. ಸಾಲ ಕೊಟ್ಟವರ ಬೆನ್ನು ಉಳಿಸಲೆಂದೇ ಮಾಡಿದ ನಿಯಮವಿರಬೇಕು.

ನಾಣ್ಯದ ಮೇಲಿನ ಅಂಕಿಗೂ ಲೋಹಕ್ಕೂ ಒಂದು ಕಾಲದಲ್ಲಿ ನಂಟಿತ್ತು. ಮೈಸೂರಿನ ಕಂಠೀರವ ನರಸರಾಜ ಒಡೆಯರು 17ನೇ ಶತಮಾನದಲ್ಲಿ ಟಂಕಿಸಿದ ಚಿನ್ನದ ಕಂಠೀರಾಯ ಹಣ ತೊಗರಿಬೇಳೆಯಷ್ಟಿದೆ, ಗ್ರಾಮಿನ ಮೂರನೇ ಒಂದು ಭಾಗದ ಆಸುಪಾಸು ತೂಗುತ್ತದೆ. ಅದೇ ಶತಮಾನದಲ್ಲಿ, 1613ರಲ್ಲಿ, ಜಹಾಂಗೀರ ಆಗ್ರಾದಲ್ಲಿ ಟಂಕಿಸಿದ ಸಾವಿರ ಮೊಹರಿನ ಚಿನ್ನದ ನಾಣ್ಯ 20 ಸೆಂಟಿಮೀಟರ್ ಅಗಲ, ಸುಮಾರು 12 ಕಿಲೋ. ಒಂದರ ತೂಕಕ್ಕೆ ಇನ್ನೊಂದರವು 35,000 ಬೇಕು. ಎರಡಕ್ಕೂ ಬೆಲೆ ಕೊಡುತ್ತಿದ್ದದ್ದು ತಕ್ಕಡಿ. ಈಗಿನದರ ಕಥೆ ಬೇರೆ. 2018ರಲ್ಲಿ ಮಾಹಿತಿ ಹಕ್ಕಿನ ಅರ್ಜಿಗೆ ಮುಂಬೈ ಟಂಕಸಾಲೆ ಕೊಟ್ಟ ಉತ್ತರದಂತೆ ಒಂದು ರೂಪಾಯಿ ನಾಣ್ಯ ಮಾಡಲು ತಗಲುತ್ತಿದ್ದ ಖರ್ಚು 1 ರೂಪಾಯಿ 11 ಪೈಸೆ. ಹತ್ತು ರೂಪಾಯಿಯದಕ್ಕೆ 5 ರೂಪಾಯಿ 54 ಪೈಸೆ.

ತಕ್ಕಡಿ ಬಿಟ್ಟ ಹಣ ಅಂಕಿಯ ಮೇಲೆ ನಿಂತಿದೆ. ಅಂಕಿಯನ್ನು ನೋಡಿ ದೇಶದ ಯೋಗ್ಯತೆ ಅಳೆಯುವ ಚಟ ನಮಗೆ. ಕುವೈತಿನ ಒಂದು ದಿನಾರ್‌ಗೆ ಈಗ 270 ರೂಪಾಯಿಗೂ ಮೇಲೆ, ಅದು ಲೋಕದ ಅತಿ ತುಟ್ಟಿಯ ಕರೆನ್ಸಿ. ಅಲ್ಲಿ ದುಡಿಯುವ ಮಂಗಳೂರು, ಉಡುಪಿ, ಭಟ್ಕಳದವರ ಮನೆಗಳಲ್ಲಿ ಈ ದರ ಹವಾಮಾನದಷ್ಟೇ ಸಲೀಸಾಗಿ ಬಾಯಿಗೆ ಬರುತ್ತದೆ. ಆದರೆ 1961ರವರೆಗೆ ಕುವೈತಿನಲ್ಲಿ ನಡೆಯುತ್ತಿದ್ದದ್ದು ರೂಪಾಯಿಯೇ! ಕೊಲ್ಲಿಯ ನಾಡುಗಳಿಗೆಂದೇ 1959ರಲ್ಲಿ ರಿಸರ್ವ್ ಬ್ಯಾಂಕ್ ಬೇರೆ ನೋಟು ಅಚ್ಚು ಹಾಕಿಸಿತ್ತು. ದಿನಾರ್ ಹುಟ್ಟಿದಾಗ ಅದರ ದರ ಹದಿಮೂರು ರೂಪಾಯಿ ಮತ್ತು ಮೂರನೇ ಒಂದು ಭಾಗ, ಆಗಿನ ಬ್ರಿಟಿಷ್ ಪೌಂಡಿಗೆ ಇದ್ದಷ್ಟೇ. ಅಂದರೆ ಹುಟ್ಟುವಾಗಲೇ ದೊಡ್ಡ ಅಳತೆಯ ಕೊಳಗ ಹಿಡಿದು ಬಂತು, ಅಲ್ಲಿಂದ ಇಲ್ಲಿಗೆ ಇಪ್ಪತ್ತು ಪಟ್ಟಾಯಿತು. ಆ ಇಪ್ಪತ್ತು ಪಟ್ಟು ಚರಿತ್ರೆ ಹೌದು. ಮೊದಲ ಹದಿಮೂರು ಬರೀ ಕೊಳಗದ ಗಾತ್ರ. ಒಂದು ಡಾಲರಿಗೆ ನೂರಕ್ಕೂ ಹೆಚ್ಚು ಯೆನ್ ಕೊಡುವ ಜಪಾನನ್ನು ಯಾರೂ ಬಡದೇಶ ಎನ್ನುವುದಿಲ್ಲವಲ್ಲ.

ಈ ಕೊಳಗಗಳ ನಡುವಿನ ಅದಲುಬದಲಿಗೆ ವಿದೇಶಿ ವಿನಿಮಯ ಮಾರುಕಟ್ಟೆ ಎಂದು ಹೆಸರು. ವಿಮಾನ ನಿಲ್ದಾಣದ ಕೌಂಟರಿನಲ್ಲಿ ನೀವು ಬದಲಾಯಿಸುವ ದುಡ್ಡು ಅದರಲ್ಲಿ ಧೂಳಿನ ಕಣ. ಅಂತರರಾಷ್ಟ್ರೀಯ ಇತ್ಯರ್ಥ ಬ್ಯಾಂಕಿನ 2022ರ ಸಮೀಕ್ಷೆಯಲ್ಲಿ ಒಂದು ದಿನದ ವಹಿವಾಟು 7.5 ಲಕ್ಷ ಕೋಟಿ ಡಾಲರ್. ಭಾರತದ ಎರಡು ವರ್ಷದ ಉತ್ಪನ್ನ ಅಲ್ಲಿ ಒಂದು ದಿನದಲ್ಲಿ ಕೈ ಬದಲಾಯಿಸುತ್ತದೆ. ದಿನದ 24 ಗಂಟೆಗೆ ಹಂಚಿದರೆ ಸೆಕೆಂಡಿಗೆ 8.7 ಕೋಟಿ ಡಾಲರ್.

ಆದರೂ ವಿನಿಮಯದ ಚರಿತ್ರೆಯಲ್ಲಿ ಇದೆಲ್ಲ ಸಣ್ಣ ಅಂಕಿ. ಫೆಯೆಶ್ ಟೋತ್ ಹುಟ್ಟಿದ ಹಂಗೇರಿಗೇ ಮತ್ತೆ ಹೋಗಬೇಕು, ನಾಣ್ಯಗಳ ಲೆಕ್ಕವನ್ನು ಆತ ಸಾಧಿಸಿ ಆರು ವರ್ಷಕ್ಕೆ. ಯುದ್ಧ ಮುಗಿದು, ಕಾರ್ಖಾನೆ ರೈಲು ಎಲ್ಲ ಮುರಿದುಬಿದ್ದು, ಸರ್ಕಾರ ನೋಟು ಅಚ್ಚು ಹಾಕಿಯೇ ದಿನ ದೂಡುತ್ತಿತ್ತು. 1946ರ ಜುಲೈನಲ್ಲಿ ಪೆಂಗೊ ಎಂಬ ಅಲ್ಲಿನ ಹಣದ ಲೆಕ್ಕದಲ್ಲಿ ಬೆಲೆಗಳು ಸುಮಾರು 15 ಗಂಟೆಗೊಮ್ಮೆ ದುಪ್ಪಟ್ಟಾದವು. ನಮ್ಮ ಹೋಟೆಲಿಗೆ ಅದನ್ನು ತಂದು ನೋಡಿ. ತಿಂಗಳ ಮೊದಲ ದಿನ ಹತ್ತು ರೂಪಾಯಿಯಿದ್ದ ಚಹಾ ಮೂವತ್ತು ದಿನದಲ್ಲಿ 48 ಸಲ ದುಪ್ಪಟ್ಟಾಗಿ 2,800 ಲಕ್ಷ ಕೋಟಿ ರೂಪಾಯಿ ಆಗುತ್ತದೆ. ಇಡೀ ಭಾರತ ಎಂಟು ವರ್ಷ ದುಡಿದರೆ ಒಂದು ಲೋಟ.

ಆ ದಿನಗಳಲ್ಲಿ ಹೊರಬಂದ ಅತಿ ದೊಡ್ಡ ನೋಟಿನ ಬೆಲೆಯನ್ನು ಬರೆಯಲು ಒಂದರ ಮುಂದೆ 20 ಸೊನ್ನೆ ಬೇಕು. ನೋಟಿನ ಮೇಲೆ ಅಷ್ಟು ಸೊನ್ನೆ ಹಾಕುವ ಗೋಜಿಗೆ ಹೋಗದೆ ‘ಹತ್ತು ಕೋಟಿ ಬಿ-ಪೆಂಗೊ’ ಎಂದು ಅಕ್ಷರದಲ್ಲಿ ಅಚ್ಚು ಹಾಕಿದರು. ಆ ‘ಬಿ’ ಒಂದಕ್ಕೇ 12 ಸೊನ್ನೆ. ಅದರ ಹತ್ತು ಪಟ್ಟಿನ ಇನ್ನೊಂದು ನೋಟು ಅಚ್ಚಾಗಿತ್ತು, ಪೇಟೆಗೆ ಬಿಡುವ ಮೊದಲೇ ಹೊಸ ಹಣ ಬಂತು. 1946ರ ಆಗಸ್ಟ್ 1ರಂದು ಫೋರಿಂಟ್ ಜಾರಿಗೆ ಬಂದಾಗ ನಿಗದಿಯಾದ ದರ: ಒಂದು ಫೋರಿಂಟಿಗೆ ನಾಲ್ಕರ ಮುಂದೆ 29 ಸೊನ್ನೆಯಷ್ಟು ಪೆಂಗೊ. ಅತಿ ದೊಡ್ಡ ನೋಟುಗಳನ್ನೇ ಕೊಟ್ಟರೂ 400 ಕೋಟಿ ನೋಟು.

ಈ ಪೆಂಗೊಗಳನ್ನು ನಮ್ಮ ರೂಪಾಯಿಯ ದಪ್ಪದ ನಾಣ್ಯಗಳಾಗಿ ಮಾಡಿ ಪೇರಿಸಿದರೆ ಕಂಬದ ಎತ್ತರವನ್ನು ಕಿಲೋಮೀಟರಿನಲ್ಲಿ ಹೇಳಿ ಉಪಯೋಗವಿಲ್ಲ. 6,100 ಕೋಟಿ ಜ್ಯೋತಿರ್ವರ್ಷ. ನಮಗೆ ಕಾಣಬಹುದಾದ ಬ್ರಹ್ಮಾಂಡದ ಅಡ್ಡಳತೆಯೇ ಸುಮಾರು 9,300 ಕೋಟಿ ಜ್ಯೋತಿರ್ವರ್ಷ. ಒಂದೇ ಒಂದು ಫೋರಿಂಟಿನ ಚಿಲ್ಲರೆ ಬ್ರಹ್ಮಾಂಡದ ಮೂರರಲ್ಲಿ ಎರಡು ಪಾಲನ್ನು ದಾಟುತ್ತದೆ. ಆದರೆ ಗೆರೆಯನ್ನು ನಂಬಬಾರದೆಂದು ಈಗಾಗಲೇ ಕಂಡಿದ್ದೇವೆ. ಆ ಕಂಬವನ್ನು ಕೆಡವಿ ಗುಡ್ಡೆ ಹಾಕಿದರೆ ಒಂದೊಂದು ಬದಿಯೂ 62,000 ಕಿಲೋಮೀಟರಿನ ಘನ, ಪಕ್ಕಪಕ್ಕ ಐದು ಭೂಮಿ ಇಟ್ಟಷ್ಟು. ತೂಕದಲ್ಲಿ 250 ಭೂಮಿಗೆ ಸಮ, ಗುರುಗ್ರಹಕ್ಕಿಂತ ಕಡಿಮೆ. ಗಾತ್ರದಲ್ಲಂತೂ ಗುರುವಿನ ಆರನೇ ಒಂದು ಪಾಲು.

ಫೋರಿಂಟ್ ಬದುಕಿಕೊಂಡಿತು, ಹಂಗೇರಿಯಲ್ಲಿ ಇವತ್ತಿಗೂ ನಡೆಯುವುದು ಅದೇ. ಮೊದಲ ದಿನ ಒಂದು ಡಾಲರಿಗೆ 11.74 ಫೋರಿಂಟ್ ಇತ್ತು, ಈಗ ಮುನ್ನೂರರ ಮೇಲೆ. 2008ರಲ್ಲಿ ಅಲ್ಲಿನವರು 1 ಮತ್ತು 2 ಫೋರಿಂಟಿನ ನಾಣ್ಯಗಳನ್ನು ಹಿಂದಕ್ಕೆ ತೆಗೆದುಕೊಂಡರು. ಮುಖಬೆಲೆಗಿಂತ ಟಂಕಿಸುವ ಖರ್ಚೇ ಹೆಚ್ಚಾಗಿತ್ತು.